ನಮ್ಮ ಕೈ, ಮಾವೋರಿಯ ಕೈ

ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೊಸದಾಗಿ ಬಂದ ತಾಯಿಯೊಬ್ಬರು ಕೇಳಿದ್ದಾರೆ: ಶಿಶುವಿಹಾರದಲ್ಲಿ ಇಂಗ್ಲಿಷ್, ಜೊತೆಗೆ ಇಲ್ಲಿನ ಮೂಲನಿವಾಸಿಗಳ ಭಾಷೆಯಾದ ಮಾವೋರಿ, ಮನೆಯಲ್ಲಿ ಕನ್ನಡ. ಮಗುವಿಗೆ ಗೊಂದಲವಾಗುವುದಿಲ್ಲವೇ? ಮನೆಯಲ್ಲೂ ಇಂಗ್ಲಿಷನ್ನೇ ಆಡಿಬಿಡಲೇ? ದಯವಿಟ್ಟು ಹಾಗೆ ಮಾಡಬೇಡಿ.

ನನ್ನ ಮಗಳಿಗೆ ಆಗ ಮೂರು ವರ್ಷ. ಶಿಶುವಿಹಾರದ ಮೊದಲ ವಾರ ಶಿಕ್ಷಕಿ ‘ಕೈ’ ಎಂದು ಕರೆದಾಗ ಉಳಿದ ಮಕ್ಕಳು ಊಟದ ಡಬ್ಬಿಗೆ ಓಡಿದರಂತೆ. ಇವಳು ಎರಡೂ ಅಂಗೈ ಚಾಚಿ ನಿಂತಿದ್ದಳಂತೆ. ಮಾವೋರಿಯಲ್ಲಿ ಕೈ ಎಂದರೆ ಊಟ; ನಮ್ಮ ಕೈಗೆ ಅವರು ರಿಂಗ ಎನ್ನುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅವಳೇ ನನಗೆ ಹೇಳಿದಳು: ‘ಅಮ್ಮ, ಕೈ ತಿನ್ನುವ ಮೊದಲು ಕೈ ತೊಳೆಯಬೇಕು.’ ಯಾವ ಕೈ ಎಲ್ಲಿಯದು ಎಂದು ನಾನು ಬಿಡಿಸಿ ಹೇಳಿರಲೇ ಇಲ್ಲ.

ಕನ್ನಡ ದ್ರಾವಿಡ ಭಾಷೆ, ಮಾವೋರಿ ಆಸ್ಟ್ರೋನೇಷ್ಯನ್ ಕುಟುಂಬದ್ದು. ಎರಡು ಕೈಗಳಿಗೂ ನಂಟಿಲ್ಲ, ಉಚ್ಚಾರ ಮಾತ್ರ ಒಂದಾಗಿದೆ. ಮಾವೋರಿಯ ಬಂಧು ಭಾಷೆಯಾದ ಹವಾಯಿಯಲ್ಲಂತೂ ಕೈ ಎಂದರೆ ಸಮುದ್ರ! ನಮ್ಮ ಹಳಗನ್ನಡದ ಪಾಲ್ ಹಾಲಾದಂತೆ ಅಲ್ಲಿ ಹಳೆಯ ತಕಾರ ಕಕಾರವಾಗಿದೆ. ಮಾವೋರಿಯಲ್ಲಿ ಅದೇ ಪದ ಇನ್ನೂ ‘ತೈ’. ಊಟದ ಕೈ ಹವಾಯಿಯಲ್ಲಿ ಕಕಾರ ಕಳೆದುಕೊಂಡು ‘ಐ’ ಆಗಿದೆ.

ಕನ್ನಡ ಕೇಳಿ ಬೆಳೆದ ಕಿವಿಗೆ ಇಲ್ಲಿ ಒಂದು ಅನುಕೂಲವೂ ಉಂಟು. ಮಾವೋರಿಯಲ್ಲಿ ‘ಕೆಕೆ’ ಎಂದರೆ ಕೇಕು, ‘ಕೇಕೇ’ ಎಂದರೆ ಕಂಕುಳು. ಹ್ರಸ್ವ ದೀರ್ಘದ ಈ ಭೇದ ನಮ್ಮ ಮಕ್ಕಳಿಗೆ ಮನೆಯಿಂದಲೇ ಬಂದಿರುತ್ತದೆ.

ಮನೆಮಾತು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಈ ನಾಡಿನವರೇ ಅನುಭವಿಸಿದ್ದಾರೆ. ಮಕ್ಕಳ ಬಾಯಿಂದ ಮಾವೋರಿ ಜಾರಿಹೋಗುತ್ತಿರುವುದನ್ನು ಕಂಡು ಅವರು 1982ರಲ್ಲಿ ‘ಕೋಹಂಗ ರೆಒ’, ಅಂದರೆ ಭಾಷೆಯ ಗೂಡುಗಳನ್ನು ಕಟ್ಟಿದರು. ಹಿರಿಯರು ಪುಟ್ಟ ಮಕ್ಕಳೊಂದಿಗೆ ಅಲ್ಲಿ ಮಾವೋರಿಯಲ್ಲೇ ಮಾತನಾಡಿದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಅವರು ಪಟ್ಟ ಪಾಡು ನೆನೆದರೆ, ಕೈಯಲ್ಲಿರುವ ಕನ್ನಡವನ್ನು ನಾವಾಗಿಯೇ ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ.

ಕಳೆದ ಭಾನುವಾರ ಅತ್ತೆ ಮೊಸರನ್ನ ಕಲಸಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರು. ಪಕ್ಕದ ಮನೆಯ ಮಾವೋರಿ ಹುಡುಗನೂ ಬಂದಿದ್ದ. ಮಗಳು ಅವನ ಅಂಗೈ ಬಿಡಿಸಿ, ಮಧ್ಯದಲ್ಲಿ ಬೆರಳಿಟ್ಟು ‘ಇದು ಕೈ’ ಎಂದಳು. ಅಷ್ಟರಲ್ಲಿ ತುತ್ತು ಬಂದು ಅಲ್ಲೇ ಕೂತಿತು. ಅವನು ಅದನ್ನು ನೋಡಿ ‘ಕೈ!’ ಎಂದು ಬಾಯಿಗೆ ಹಾಕಿಕೊಂಡ.