ಬಾಡಿಗೆ ಮನೆ ಟೆರೇಸ್ ಮೇಲೆ ತರಕಾರಿ, ಎಲ್ಲಿಂದ ಶುರು ಮಾಡ್ಲಿ?

ಪುಟ್ಟಕ್ಕ_ಬೆಂಗ್ಳೂರು:
ಎಲ್ಲರಿಗೂ ನಮಸ್ಕಾರ. ನಾವಿರೋದು ಬೆಂಗ್ಳೂರಲ್ಲಿ ಬಾಡಿಗೆ ಮನೇಲಿ, ಎರಡನೇ ಫ್ಲೋರು, ಮೇಲೆ ಟೆರೇಸ್ ಖಾಲಿ ಬಿದ್ದಿದೆ, ನೀರಿನ ಟ್ಯಾಂಕು, ಬಟ್ಟೆ ಒಣಗಾಕೋ ತಂತಿ ಬಿಟ್ರೆ ಏನಿಲ್ಲ. ಓನರ್ ಅಂಕಲ್‌ನ ಕೇಳಿದ್ರೆ "ಇಟ್ಕೊಳಮ್ಮ, ಆದ್ರೆ ಸೀಲಿಂಗ್ ಸೋರಿದ್ರೆ ಅಡ್ವಾನ್ಸಲ್ಲಿ ಹಿಡ್ಕೋತೀನಿ" ಅಂದ್ರು 😅 ನಂಗೆ ಟೊಮೇಟೊ, ಕ್ಯಾಪ್ಸಿಕಂ, ಹೂಕೋಸು ಬೆಳೀಬೇಕು ಅಂತ ಆಸೆ. ಆನ್‌ಲೈನಲ್ಲಿ ನೋಡಿದ್ರೆ ಗ್ರೋ ಬ್ಯಾಗು, ಕೊಕೊಪೀಟು (ತೆಂಗಿನ ನಾರಿನ ಪುಡಿ), ಪರ್ಲೈಟು (ಮಣ್ಣು ಹಗುರ ಮಾಡೋ ಬಿಳಿ ಹರಳು), ಹನಿ ನೀರಿನ ಡ್ರಿಪ್ ಕಿಟ್ಟು ಅಂತ ಲಿಸ್ಟ್ ಮುಗಿಯೋದೇ ಇಲ್ಲ, ಈ ದುಡ್ಡಿಗೆ ವರ್ಷಪೂರ್ತಿ ತರಕಾರಿ ತರಬಹುದಲ್ಲೇ ಅಂತ ಯಜಮಾನ್ರು ರೇಗಿಸ್ತಾರೆ. ಮಳೆ ಹಿಡಿಯೋದ್ರೊಳಗೆ ಏನೇನು ರೆಡಿ ಮಾಡ್ಕೋಬೇಕು, ಮೊದ್ಲು ಏನು ಹಾಕ್ಲಿ?

ಹಿತ್ತಲಗಿಡ:
ಹೂಕೋಸು, ಕ್ಯಾಪ್ಸಿಕಂ ಸದ್ಯಕ್ಕೆ ಮರ್ತ್ಬಿಡಿ ಮೇಡಂ. ಸೊಪ್ಪು ಹಾಕಿ. ಮೆಂತ್ಯಕ್ಕೆ ಬೀಜ ಕೊಳ್ಳೋದೂ ಬೇಡ, ಅಡುಗೆಮನೆ ಡಬ್ಬಿಲಿರೋ ಕಾಳನ್ನೇ ರಾತ್ರಿ ನೆನೆಸಿ ಬೆಳಗ್ಗೆ ಉದುರಿಸಿ ಮೇಲೆ ತೆಳ್ಳಗೆ ಮಣ್ಣು ಎಳೀರಿ, ಒಂದು ತಿಂಗಳೊಳಗೆ ಪಲ್ಯಕ್ಕೆ ಬರುತ್ತೆ. ಕೊತ್ತಂಬರಿ ಬೀಜ ಮಾತ್ರ ಇಡಿಯಾಗಿ ಹಾಕ್ಬೇಡಿ, ಚಪ್ಪಲಿ ಅಡಿಲೋ ಲಟ್ಟಣಿಗೆಲೋ ಮೆಲ್ಲಗೆ ಉಜ್ಜಿದ್ರೆ ಎರಡು ಹೋಳಾಗುತ್ತೆ, ಹೋಳು ಹಾಕಿ. ಅದು ಮೊಳಕೆ ಬರೋಕೆ 10-15 ದಿನ ತಗೊಳ್ಳುತ್ತೆ, ಬಂತಾ ಬಂತಾ ಅಂತ ದಿನಾ ಕೆದಕಿ ನೋಡಬೇಡಿ 🙂 ದಂಟಿನ ಸೊಪ್ಪು ಕೀಳದೆ ಬುಡದಲ್ಲಿ ಎರಡಿಂಚು ಬಿಟ್ಟು ಕತ್ತರಿಸಿ, ಮತ್ತೆ ಚಿಗುರುತ್ತೆ.

ಮಣ್ಣಿಗೆ ನಾನು ಹಾಕೋದು ಕೆಂಪು ಮಣ್ಣು, ಕೊಕೊಪೀಟ್, ಕೊಟ್ಟಿಗೆ ಗೊಬ್ಬರ ಸಮಸಮ, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ತಗೊಳ್ಳೋವಾಗ ಮುಷ್ಟಿಲಿ ಹಿಡಿದು ಮೂಸಿ ನೋಡಿ, ಮಣ್ಣಿನ ವಾಸನೆ ಬಂದು ಪುಡಿಪುಡಿ ಆಗ್ಬೇಕು, ಸಗಣಿ ವಾಸನೆ ಇದ್ರೆ ಇನ್ನೂ ಕಳಿತಿಲ್ಲ ಅಂತ, ಅದನ್ನ ಹಾಕಿದ್ರೆ ಬೇರು ಸುಡುತ್ತೆ. ಕೊಕೊಪೀಟ್ ಇಟ್ಟಿಗೆ ನೆನೆಸಿದ ನೀರು ಚೆಲ್ಲಿ ಇನ್ನೊಂದೆರಡು ಸಲ ತೊಳೀರಿ, ಅದ್ರಲ್ಲಿ ಉಪ್ಪಿರುತ್ತೆ. ಪರ್ಲೈಟ್, ಡ್ರಿಪ್ಪು ಎಲ್ಲಾ ಈಗ ಬೇಡ, ನಿಮ್ಮ ಯಜಮಾನ್ರು ಹೇಳ್ತಿರೋದು ಸರಿನೇ ಇದೆ.

ಕಾಂಕ್ರೀಟ್_ಕಾಡು:
ಓನರ್ ಹೆದರೋದೂ ಸುಳ್ಳಲ್ಲ. ಒದ್ದೆ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತೆ, ಹಂಗಾಗಿ ಇಟ್ಟಿಗೆ ಜೋಡಿಸಿ ಟೆರೇಸ್ ಮೇಲೇ ಮಣ್ಣು ಸುರಿಯೋ ಐಡಿಯಾ ಬೇಡವೇ ಬೇಡ. ಬ್ಯಾಗುಗಳನ್ನ ಪ್ಯಾರಾಪೆಟ್ ಗೋಡೆ ಪಕ್ಕ ಸಾಲಾಗಿ ಇಡಿ, ಕೆಳಗೆ ಗೋಡೆ ಇಲ್ಲಾ ಬೀಮ್ ಇರೋ ಕಡೆ, ನಟ್ಟನಡುವೆ ಗುಡ್ಡೆ ಹಾಕ್ಬೇಡಿ. ಬ್ಯಾಗ್ ಕೆಳಗೆ ಸ್ಟ್ಯಾಂಡೋ ನಾಕು ಇಟ್ಟಿಗೆಯೋ ಕೊಟ್ಟು ಎತ್ತರಿಸಿ, ಅಡಿಲಿ ನೀರು ನಿಲ್ಲಬಾರದು, ಸೋರೋದು ಶುರುವಾಗೋದೇ ಅಲ್ಲಿಂದ. ಮಳೆನೀರು ಪೈಪಿನ ಬಾಯಿಗೆ ಜಾಲರಿ ಹಾಕಿ, ಉದುರಿದ ಎಲೆ ಕಟ್ಕೊಂಡ್ರೆ ಒಂದೇ ಮಳೆಗೆ ಟೆರೇಸು ಕೆರೆ. ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತೆ ಅಂತಲೂ ನೋಡ್ಕೊಳ್ಳಿ, ಕಾಯಿ ಬಿಡೋ ಗಿಡಕ್ಕೆ ಆರು ಗಂಟೆನಾದ್ರೂ ಬಿಸಿಲು ಬೇಕು, ಸೊಪ್ಪು ಕಮ್ಮಿ ಬಿಸಿಲಲ್ಲೂ ಬರುತ್ತೆ.

ರೊಟ್ಟಿ_ಮಂದಿ:
ಬರೇ ಸೊಪ್ಪ ಹಾಕಿದ್ರ ಬ್ಯಾಸರ ಬರ್ತದ್ರಿ ಅಕ್ಕಾರ, ಜೋಡಿಗೆ ಒಂದೆರಡು ಮೆಣಸಿನಗಿಡ, ಒಂದು ಬದನಿಗಿಡ ಹಚ್ರಿ, ಚಂದಂಗ ನೋಡ್ಕೊಂಡ್ರ ಭಾಳ ದಿನ ಕಾಯಿ ಕೊಡ್ತಾವು. ಮೆಣಸಿನ ಎಲಿ ಮುಟುರಿಕೊಂಡ್ವು ಅಂದ್ರ ತಿರುವಿ ಹಿಂದ ನೋಡ್ರಿ, ಸಣ್ಣ ಹುಳ ಇರ್ತಾವು. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣಿ, ಎಣ್ಣಿ ನೀರಾಗ ಕೂಡ್ಲಿ ಅಂತ ಒಂದೀಟು ಸೋಪಿನ ನೀರು, ಸಂಜಿ ಮುಂದ ಎಲಿ ಹಿಂದಿನ ಮಗ್ಗಲಾ ತೋಯೂ ಹಂಗ ಹೊಡೀರಿ. ಬಿಸಿಲಾಗ ಹೊಡದ್ರ ಎಲಿ ಸುಡ್ತಾವು. ಮತ್ತ ಒಂದು ಕುಂಡದಾಗ ಹಕ್ಕರಕಿ ಸೊಪ್ಪಿನ ಬೀಜ ಉಗ್ಗ್ರಿ, ಬಿಸಿ ರೊಟ್ಟಿ ಜೋಡಿ ಹಸೀದ ತಿನ್ನಾಕ ಏನ್ ರುಚಿ ಅಂತೀರಿ!

ಹಿತ್ತಲಗಿಡ:
ಟೊಮೇಟೊ ಹಾಕ್ಲೇಬೇಕು ಅಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ನೋಡಿ, ಎಲೆ ಮುದುಡು ರೋಗ, ಸೊರಗು ರೋಗ ಎರಡನ್ನೂ ತಡೆಯೋ ತಳಿ. ಹೈಬ್ರಿಡ್ ಆಗಿರೋದ್ರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಹಾಕಿದ್ರೆ ಅದೇ ಗುಣ ಬರಲ್ಲ. ಬೆಂಡೆಗೆ ಅಲ್ಲಿಯದೇ ಅರ್ಕಾ ಅನಾಮಿಕ, ಅದರ ಬೀಜ ಎತ್ತಿಟ್ಕೋಬಹುದು.

ಮಳೆಗಾಲ್ದವ್ಳು:
ಬಸಳೆ ಯಾರೂ ಹೇಳ್ಲೇ ಇಲ್ವಲ್ಲ! ಪೇಟೆಯಿಂದ ತಂದ ಕಟ್ಟಿನಲ್ಲೇ ದಪ್ಪ ದಂಟು ಆರ್ಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಊರಿ, ಖರ್ಚೇ ಇಲ್ಲ. ಬಟ್ಟೆ ತಂತಿಗೇ ಹಬ್ಬಿಸ್ಬಹುದು, ಆಮೇಲೆ ಬಟ್ಟೆ ಎಲ್ಲಿ ಒಣಗಿಸ್ತೀರೋ ನಂಗೊತ್ತಿಲ್ಲ.

ಪುಟ್ಟಕ್ಕ_ಬೆಂಗ್ಳೂರು:
ಎಲ್ಲರಿಗೂ ಥ್ಯಾಂಕ್ಸ್, ನಾಳೇನೇ ಮೆಂತ್ಯ ನೆನೆಹಾಕ್ತೀನಿ. ಹಕ್ಕರಕಿ ಬೀಜ ಇಲ್ಲೆಲ್ಲಾದ್ರೂ ಸಿಗುತ್ತಾ?

ರೊಟ್ಟಿ_ಮಂದಿ:
ಧಾರವಾಡ ಕಡೆಯಿಂದ ಬರೋರು ಯಾರರ ಇದ್ರ ಅವರ ಕೈಯಾಗ ತರಸ್ರಿ. ಒಂದು ಗಿಡ ಹೂ ಬಿಟ್ಟು ಬೀಜ ಆಗಾಕ ಬಿಟ್ರ ಮುಂದ ಕೊಳ್ಳೂದ ಬ್ಯಾಡ.