ಅಪ್‌ಡೇಟ್: ಚಾರ್ಜಿಂಗ್ ಜಾಗದಲ್ಲಿ ಮಾತ್ರ ಕೂಗುತ್ತಿದ್ದ ಗ್ಯಾಸ್ ಡಿಟೆಕ್ಟರ್

ಹೋದ ವಾರ ಕೇಳಿದ್ದೆನಲ್ಲ, ಗಣಿಯೊಳಗೆ ಲೋಕೋ (ಹಳಿ ಮೇಲಿನ ಎಂಜಿನ್) ಬ್ಯಾಟರಿ ಚಾರ್ಜ್ ಮಾಡುವ ಕಡೆ ಹೋದರೆ ಸಾಕು, ನನ್ನ ಡಿಟೆಕ್ಟರ್ ಕಾರ್ಬನ್ ಮೊನಾಕ್ಸೈಡ್ ಅಂತ ಬಡ್ಕೊಳ್ಳುತ್ತೆ, ಬೇರೆಲ್ಲೂ ಇಲ್ಲ ಅಂತ. ಕಾರಣ ಸಿಕ್ಕಿತು.

ಸೆನ್ಸರ್ ಕೆಟ್ಟಿದೆ ಅಂದವರೇ ಜಾಸ್ತಿ. ಬದಲಾಯಿಸಿ ನೋಡಿದೆವು, ಹೊಸದೂ ಹಾಗೇ ಕೂಗಿತು. ಸ್ವಲ್ಪ ಗ್ಯಾಸ್ ಬಿಟ್ಟು ಅಲಾರಂ ಕೂಗುತ್ತಾ ಅಂತ ನೋಡುವ ಬಂಪ್ ಟೆಸ್ಟ್‌ನಲ್ಲೂ ಪಾಸ್. ಡೀಸೆಲ್ ಹೊಗೆಯೂ ಅಲ್ಲ, ಆ ಕಡೆ ಡೀಸೆಲ್ ಗಾಡಿಯೇ ಬರಲ್ಲ.

‘ಹೈಡ್ರೋಜನ್ ಇರಬಹುದು, ಗಾಳಿ ಚೆಕ್ ಮಾಡಿಸಿ’ ಅಂತ ಒಬ್ಬರು ಬರೆದಿದ್ದರಲ್ಲ, ಅವರದ್ದೇ ಸರಿ. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಈ ಸೆನ್ಸರ್ ಅದನ್ನೂ ಮೊನಾಕ್ಸೈಡ್ ಅಂತಲೇ ತೋರಿಸುತ್ತೆ! ಇಷ್ಟು ವರ್ಷ ಕೆಲಸ ಮಾಡಿಯೂ ನನಗೆ ಗೊತ್ತಿರಲಿಲ್ಲ. ಹಾಗಂತ ಸುಳ್ಳು ಅಲಾರಂ ಅಂತ ಸುಮ್ಮನಿರೋ ಹಾಗಿಲ್ಲ, ಗಾಳಿಯಲ್ಲಿ ಸುಮಾರು 4% ಆದರೆ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ವೆಂಟಿಲೇಷನ್‌ನವರು ಬಂದು ನೋಡಿದರೆ ಗಾಳಿ ಹೊರಗೆಳೆಯುವ ಡಕ್ಟ್ ಜೋಡಣೆಯ ಹತ್ತಿರ ಬಿಟ್ಟುಕೊಂಡಿತ್ತು. ಸರಿಮಾಡಿ ನಾಲ್ಕು ಪಾಳಿ ಆಯ್ತು, ಸದ್ದೇ ಇಲ್ಲ.

ಅಲಾರಂ ಆಫ್ ಮಾಡಿಟ್ಕೋ ಅಂದಿದ್ದ ಸೂಪರ್‌ವೈಸರ್ ಈಗ ಆ ವಿಷಯ ಎತ್ತುತ್ತಿಲ್ಲ.