ಅಪ್‌ಡೇಟ್: ಮಾಡೆಲ್ ರೈಲಿನ ಲೂಪ್‌ನ ಶಾರ್ಟ್ ಸರ್ಕ್ಯೂಟ್ ಕೊನೆಗೂ ಹೋಯಿತು

ನನ್ನ ಮಾಡೆಲ್ ರೈಲು ಲೂಪ್ ಸುತ್ತಿ ಅದೇ ಹಳಿಗೆ ವಾಪಸ್ ಸೇರುವಾಗ ಇಡೀ ಲೇಔಟ್ (ಹಳಿಗಳ ಜೋಡಣೆ) ಆಫ್ ಆಗುತ್ತಿದೆ ಅಂತ ಕೇಳಿದ್ದೆನಲ್ಲ? ನೀವು ಹೇಳಿದ್ದೇ ಸರಿ. ಕರೆಂಟ್ ಹಳಿಗಳಲ್ಲೇ ಹರಿಯುವುದರಿಂದ, ಸುತ್ತಿ ಬಂದ ಎಡ ಹಳಿ ಬಲ ಹಳಿಗೆ ಮುಟ್ಟಿ ಶಾರ್ಟ್ ಆಗುತ್ತಿತ್ತು.

ಲೂಪ್‌ನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ ಗ್ಯಾಪ್ ಬಿಟ್ಟು, ನಡುವಿನ ಭಾಗಕ್ಕೆ ಆಟೋ ರಿವರ್ಸರ್ (ಶಾರ್ಟ್ ಆದ ಕೂಡಲೇ ಆ ಭಾಗದ ಪೊಲಾರಿಟಿಯನ್ನು, ಅಂದರೆ ಎರಡು ಹಳಿಗಳ ಕರೆಂಟನ್ನು, ಅದಲುಬದಲು ಮಾಡುವ ಸಾಧನ) ಹಾಕಿದೆ. ಡಿಸಿಸಿ (ಹಳಿಯ ಮೂಲಕ ಇಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಆದ್ದರಿಂದ ಓಡುವಾಗಲೇ ಪೊಲಾರಿಟಿ ಬದಲಾದರೂ ಇಂಜಿನ್ ದಿಕ್ಕು ಬದಲಿಸುವುದಿಲ್ಲ. ಇಂಜಿನ್ ಒಂದನ್ನೇ ಬಿಟ್ಟೆ, ಸಲೀಸಾಗಿ ಓಡಿತು. ನಾಲ್ಕು ಬೋಗಿ ಸೇರಿಸಿದೆ, ಮತ್ತೆ ಆಫ್!

ಎರಡು ಸಂಜೆ ಸುಮ್ನೆ ವೈರಿಂಗ್ ಬಿಚ್ಚಿ ನೋಡಿದೆ. ತಪ್ಪು ಅಲ್ಲಿರಲೇ ಇಲ್ಲ. ಕತ್ತರಿಸಿದ ಭಾಗ 90 ಸೆಂ.ಮೀ., ನನ್ನ ರೈಲು 130. ಇಂಜಿನ್ ಮುಂದಿನ ಗ್ಯಾಪ್ ದಾಟುವಾಗ ಕೊನೆಯ ಬೋಗಿಯ ಲೋಹದ ಚಕ್ರ ಹಿಂದಿನ ಗ್ಯಾಪ್ ಮೇಲಿತ್ತು. ಎರಡೂ ಕಡೆ ಒಟ್ಟಿಗೆ ಶಾರ್ಟ್ ಆದರೆ ರಿವರ್ಸರ್ ಪಾಪ ಯಾವ ಕಡೆ ತಿರುಗಬೇಕು? ಒಂದು ಗ್ಯಾಪ್ ಬೆಸೆದು, ಹೊಸದನ್ನು ದೂರ ಕತ್ತರಿಸಿದೆ. ಈಗ 160. ಹಳಿ ಹಿಗ್ಗಿ ಕೂಡದಂತೆ ಗ್ಯಾಪ್‌ಗೆ ಪ್ಲಾಸ್ಟಿಕ್ ಚೂರು ಅಂಟಿಸಿದ್ದೇನೆ.

ಪಾಯಿಂಟ್ (ರೈಲು ಹಳಿ ಬದಲಿಸುವ ಜಾಗ) ತಿರುಗಿಸುವ ಸರ್ವೋ ಮೋಟರ್ ಮಾತ್ರ, ಅದನ್ನು ನಡೆಸುವ ಆರ್ಡುಯಿನೋ ಬೋರ್ಡ್ ಆನ್ ಆದಾಗಲೆಲ್ಲ ಇನ್ನೂ ಬೆಚ್ಚಿಬೀಳುತ್ತದೆ. ಮುಂದಿನ ಭಾನುವಾರ ಅದರ ಸರದಿ.